ನಾಲ್ಕು ಮೂಲೆ ಕಾಣುವಂತೆ ಹಿಡಿದ ಬಿಲ್ಲು

ಹಿತ್ತಾಳೆ ತಟ್ಟೆಯ ಮೇಲೆ ಯಾರೋ ಚಿಲ್ಲರೆ ಸುರಿದ ಹಾಗೆ ಝಣಝಣ ಎನ್ನುವ ಒಂದು ಸದ್ದು. ಅದು ನನ್ನ ಫೋನಿನಿಂದ ಬರುತ್ತಿತ್ತು. ಅಂಗಡಿಯ ಬಿಲ್ಲಿನ ಫೋಟೋ ತೆಗೆದು ಆ ಆ್ಯಪ್‌ಗೆ ಹಾಕಿದರೆ, ಪರದೆಯ ನಡುವೆ ಒಂದು ಚಕ್ರ ಸ್ವಲ್ಪ ಹೊತ್ತು ತಿರುಗಿ, ಬಿಲ್ಲು ಒಪ್ಪಿಗೆಯಾದರೆ ಹಾಗೆ ಸದ್ದು ಮಾಡಿ ಕಾಯಿನ್ ಕೊಡುತ್ತಿತ್ತು. ನನ್ನ ಓರಗಿತ್ತಿಗೆ, ಎಂದರೆ ಮೈದುನನ ಹೆಂಡತಿಗೆ, ಆ ಸದ್ದೆಂದರೆ ಪ್ರಾಣ. ಸೋಫಾ ಬಿಟ್ಟು ನೆಲದ ಮೇಲೆ ಕಾಲು ಚಾಚಿ ಕೂತು, “ಇನ್ನೊಂದ್ ಕಿತ ಉದುರ್ಸಕ್ಕ” ಅನ್ನುತ್ತಿದ್ದಳು.

ಅವಳು ತೀರಿಕೊಂಡು ವರ್ಷವಾಯಿತು. ಆ ಆ್ಯಪನ್ನು ನಾನು ಅದಕ್ಕೂ ಮೊದಲೇ ತೆಗೆದುಹಾಕಿದ್ದೆ.

ನಾವು ಗಂಡ ಹೆಂಡತಿ ಇರುವುದು ಶ್ರೀರಂಗಪಟ್ಟಣದಲ್ಲಿ. ನನ್ನ ಯಜಮಾನರು ಇಲ್ಲಿನ ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಮೈಸೂರಿನಲ್ಲಿರುವ ಮಗಳು ಒಂದು ಭಾನುವಾರ ಬಂದವಳು ಆ ಆ್ಯಪನ್ನು ಫೋನಿಗೆ ಹಾಕಿಕೊಟ್ಟಳು. “ಹೇಗೂ ಒಂದು ಚೀಟಿ ಬಿಸಾಕೋಳಲ್ಲ ನೀನು, ಇದಾದ್ರೂ ಮಾಡು ಮಮ್ಮಿ” ಎಂದಳು. ಮಾತು ಸುಳ್ಳಲ್ಲ. ಕಾನ್ವೆಂಟಿನಲ್ಲಿ ಓದಿದವಳು ನಾನು. ಕಾಗದವೆಂದರೆ ಮಡಿಸಿ ಇಡುವ ವಸ್ತುವೆಂದು ಸಿಸ್ಟರ್‌ಗಳು ಕಲಿಸಿದ್ದು ಇನ್ನೂ ಹೋಗಿಲ್ಲ.

ಆ್ಯಪ್‌ನ ರೂಲ್ಸು ನಮ್ಮ ಸಿಸ್ಟರ್‌ಗಳ ರೂಲ್ಸಿಗಿಂತ ಸ್ಟ್ರಿಕ್ಟು. ಬಿಲ್ಲಿನ ನಾಲ್ಕು ಮೂಲೆಯೂ ಕಾಣಬೇಕು. ಅಂಗಡಿಯ ಹೆಸರು, ತಾರೀಖು, ಟೋಟಲ್ಲು ಕಾಣಬೇಕು. ಅಚ್ಚಾದ ಬಿಲ್ಲೇ ಆಗಬೇಕು. ನಮ್ಮ ಬೀದಿಯ ಅಂಗಡಿಯವರು ಬೀಡಿ ಕಟ್ಟಿನ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಗೀಚಿ ಕೊಡುತ್ತಾರೆ. ಅಚ್ಚಾದ ಬಿಲ್ ಕೊಡಿ ಎಂದು ಕೇಳಿದರೆ, “ಬಿಲ್ಲ್ ಯಾಕಮ್ಮ, ನಾನೇನ್ ಅಂಗಡಿ ಬುಟ್ಟು ಓಡೋಯ್ತೀನಾ?” ಎಂದು ನಕ್ಕರು. ಹಾಗಾಗಿ ಒಂದು ಪ್ಯಾಕೆಟ್ ಉಪ್ಪಿಗೂ ಹೈವೇ ಪಕ್ಕದ ಮಾರ್ಟಿಗೆ ನಡೆದು ಹೋಗಲು ಶುರುಮಾಡಿದೆ. ಯಜಮಾನರು ಪೇಪರಿನ ಹಿಂದಿನಿಂದಲೇ ಹೇಳಿದರು: “ಸಾಮಾನು ತಂದು ಬಿಲ್ಲು ಇಸ್ಕೊಳ್ಳೋರನ್ನ ನೋಡಿದೀನಿ. ಬಿಲ್ಲಿಗೋಸ್ಕರ ಸಾಮಾನು ತರೋಳು ನೀನೊಬ್ಬಳೇ.”

ನಮ್ಮ ಯಜಮಾನರ ಊರು ಕೆ.ಆರ್. ಪೇಟೆ ಕಡೆಯ ಸಿಂಧಘಟ್ಟ. ರೈಲ್ವೆಯಲ್ಲಿದ್ದ ನಮ್ಮಪ್ಪ, ಹುಡುಗ ಸರ್ಕಾರಿ ಕೆಲಸದಲ್ಲಿದ್ದಾನೆ ಎಂದು ನನ್ನನ್ನು ಆ ಬೇಸಾಯದ ಮನೆಗೆ ಕೊಟ್ಟರು. ಎರಡು ವರ್ಷದ ನಂತರ ಅವಳು ಕಿರಿಯ ಸೊಸೆಯಾಗಿ ನಾಗಮಂಗಲದ ಕಡೆಯ ಬಿಂಡಿಗನವಿಲೆಯಿಂದ ಬಂದಳು. ಮುದ್ದೆ ತಿರುವಿ ಕಟ್ಟುವುದನ್ನು ನನಗೆ ಕಲಿಸಿದವಳು ಅವಳು. ಅದಕ್ಕೆ ಬದಲಾಗಿ ಇಂಗ್ಲಿಷ್ ಕಲಿಸುತ್ತೇನೆ ಎಂದು ನಾನು ಸ್ಲೇಟು ತಂದೆ. ಜಿ ವರೆಗೆ ಬಂತು. ಆಮೇಲೆ ನಮಗೆ ವರ್ಗವಾಯಿತು, ಸ್ಲೇಟು ಎಲ್ಲಿ ಹೋಯಿತೋ.

ಅಲ್ಲಿಂದ ಮುಂದೆ ಆ ಮನೆಗೆ ಇಂಗ್ಲಿಷಿನಲ್ಲಿ ಏನು ಬಂದರೂ, ಬ್ಯಾಂಕಿನ ಕಾಗದವೋ ಗೊಬ್ಬರದ ಚೀಲದ ಮೇಲಿನ ಅಕ್ಷರವೋ, ನನಗಾಗಿ ಕಾಯುತ್ತಿತ್ತು. ನಾನು ಊರಿಗೆ ಹೋದ ದಿನ ಜಗಲಿಯ ಮೇಲೆ ಕನ್ನಡಕ ಹಾಕಿಕೊಂಡು ಕೂತು ಓದಿ ಹೇಳುತ್ತಿದ್ದೆ. ಅದರಲ್ಲಿ ನನಗೆ ಸಣ್ಣ ಜಂಬವಿತ್ತು. ಇತ್ತು ಎಂದು ಒಪ್ಪಿಕೊಳ್ಳುವುದೇ ಒಳ್ಳೆಯದು.

ಹೋದ ವರ್ಷದ ಹಿಂದಿನ ವರ್ಷ ಅವಳಿಗೆ ಹೊಟ್ಟೆ ನೋವು ಶುರುವಾಯಿತು. ಉಂಡದ್ದು ನಿಲ್ಲುತ್ತಿರಲಿಲ್ಲ. ಮೂರು ವಾರಕ್ಕೊಮ್ಮೆ ಮೈದುನ ಅವಳನ್ನು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದ. ವಾಪಸು ಬರುವಾಗ ಶ್ರೀರಂಗಪಟ್ಟಣದಲ್ಲಿ ಇಳಿದು, ನಮ್ಮ ಮನೆಯಲ್ಲಿ ಒಂದು ಗಂಟೆ ಮಲಗಿ, ಕಾಫಿ ಕುಡಿದು, ಆಮೇಲೆ ಪಾಂಡವಪುರದ ಮೇಲೆ ಹೋಗುವ ಕೆ.ಆರ್. ಪೇಟೆ ಬಸ್ಸು ಹತ್ತುತ್ತಿದ್ದರು. ಏನಂತೆ ಎಂದು ಕೇಳಿದರೆ ಮೈದುನ, “ಕಳ್ಳಲ್ಲಿ ಉಣ್ಣು ಅಂದವ್ರೆ ಅತ್ಗೆ” ಎಂದು ಕಾಫಿ ಲೋಟದೊಳಕ್ಕೆ ನೋಡುತ್ತಿದ್ದ. ಕರುಳಿನಲ್ಲಿ ಹುಣ್ಣು, ಅಲ್ಸರ್, ಎಂದು ನಾನು ತಿಳಿದುಕೊಂಡೆ.

ಆ್ಯಪಿನ ಸದ್ದು ಕೇಳಿದ ದಿನವೇ ಅವಳು ಬಿಲ್ಲು ಕೂಡಿಹಾಕಲು ಶುರುಮಾಡಿದ್ದಳು. ಕೆ.ಆರ್. ಪೇಟೆಯ ಬಟ್ಟೆ ಅಂಗಡಿಯದು, ಪಕ್ಕದ ಮನೆಯವರು ಮಿಕ್ಸಿ ತಂದದ್ದು, ಯಾರದೋ ಮೋಟರಿನ ರಿಪೇರಿಯದು, ಎಲ್ಲವೂ ಎಲೆ ಅಡಿಕೆ ಚೀಲದಿಂದ ಹೊರಬರುತ್ತಿದ್ದವು. “ಊರ್ನೋರ್ದೆಲ್ಲ ಇಸ್ಕೊಂಡ್ ಬಂದಿವ್ನಿ ಕಣಕ್ಕ. ನಿಮ್ಮಕ್ಕಂಗೆ ಉಚ್ಚಾ ಅಂತಾವ್ರೆ.” ಕೊನೆಯಲ್ಲಿ ಆಸ್ಪತ್ರೆಯ ಔಷಧಿ ಅಂಗಡಿಯ ಬಿಲ್ಲು. ಮೊಳದುದ್ದ, ಪೂರ್ತಿ ಇಂಗ್ಲಿಷು. ಮೊತ್ತ ದೊಡ್ಡದಾದಷ್ಟೂ ಕಾಯಿನ್ ಜಾಸ್ತಿ. ಮೊದಲ ಸಲ ಅದನ್ನು ನೋಡಿ ನಾನು, “ವಾಟ್ ಎ ಬ್ಯೂಟಿಫುಲ್ ಬಿಲ್” ಎಂದೆ. ಹೌದು, ಅದೇ ಮಾತನ್ನು ಅಂದೆ.

“ಏನೈತಕ್ಕ ಇದ್ರಲ್ಲಿ?” ಎಂದು ಕೇಳಿದಳು.

“ಔಷಧಿ ಕಣೇ, ಇನ್ನೇನಿರುತ್ತೆ. ನೆಟ್ಟಗೆ ಹಿಡ್ಕೋ, ಮೂಲೆ ಮಡಚ್ಕೊಳ್ತಾ ಇದೆ.”

ಅವಳು ಎರಡೂ ಹೆಬ್ಬೆರಳಿನಿಂದ ಮೂಲೆಗಳನ್ನು ಒತ್ತಿ ಹಿಡಿದಳು. ಫೋಟೋ ತೆಗೆದೆ. ಝಣಝಣ ಎಂದಿತು. ಬಿಲ್ಲನ್ನು ಮಡಿಸಿ ನನ್ನ ಬಿಸ್ಕತ್ತಿನ ಡಬ್ಬಿಗೆ ಹಾಕಿಕೊಂಡೆ. ಹೀಗೆ ಐದಾರು ಸಲ ಆಯಿತು. ಪ್ರತಿ ಸಲವೂ ಅವಳು ಅದೇ ಪ್ರಶ್ನೆ ಕೇಳಿದಳು, ನಾನು ಪ್ರತಿ ಸಲವೂ ಮೂಲೆಯನ್ನು ನೋಡಿದೆ. ಆ ಕಾಯಿನ್‌ಗಳಿಂದ ಮನೆಗೆ ಒಂದು ಸ್ಟೀಲ್ ಫ್ಲಾಸ್ಕು ಬಂತು. ನಿನ್ನ ಬಿಲ್ಲಿನಿಂದ ಬಂದದ್ದು ಎಂದು ಅವಳಿಗೇ ಕೊಟ್ಟೆ. ಬಿಸಿನೀರು ಹಾಕಿಕೊಂಡು ಅದನ್ನು ಅದೇ ಆಸ್ಪತ್ರೆಗೆ ಒಯ್ಯುತ್ತಿದ್ದಳು.

ಒಂದು ದಿನ ಮೈದುನ ಮಲಗಿದ್ದಾಗ ಅವಳು ಅಡುಗೆಮನೆಗೆ ಬಂದು ಕೂತಳು. ಬಿಂಡಿಗನವಿಲೆಯ ತವರಿನಲ್ಲಿ ಅವಳ ಅವ್ವ ಇನ್ನೂ ಇದ್ದರು. ತುಂಬ ವಯಸ್ಸು, ಕಿವಿ ಪೂರ್ತಿ ಕೇಳದು.

“ಫೋನಲ್ಲಿ ಮಾತಾಡಂಗಿಲ್ಲ. ಎದುರ್ಗ್ ಕೂತ್ರೆ ನನ್ ಬಾಯ್ ನೋಡ್ಕಂಡೇ ಎಲ್ಲಾ ತಿಳ್ಕೊತದೆ ನಮ್ಮವ್ವ” ಎಂದಳು. “ಒಂದ್ ತಿಂಗ್ಳು ಓಗಿ ಇದ್ಬುಡಾನ ಅಂತ ಆಸೆ ಕಣಕ್ಕ. ಇವ್ರು ಹಸ ಈಯ್ಲಿ ಅಂತಾವ್ರೆ. ಆ ಹಸ ನನ್ನ್ ಬುಟ್ರೆ ಯಾರ್ಗೂ ಹಾಲ್ ಕೊಡಕಿಲ್ಲ. ನಂದು ಸಣ್ ಕಾಯ್ಲೆ ಆದ್ರೆ ಈದ್ಮ್ಯಾಕೇ ಓಯ್ತೀನಿ. ದೊಡ್ಡದಾಗಿದ್ರೆ ಈಗ್ಲೇ ಓಗ್ಬೇಕು. ಯಾವುದು ಅಂತ ಯಾರೂ ಯೋಳಕಿಲ್ವಲ್ಲ.”

“ಅಲ್ಸರ್‌ಗೆ ಯಾರಾದ್ರೂ ಹೀಗೆ ಹೆದರ್ತಾರಾ? ಡೋಂಟ್ ಬಿ ಸಿಲ್ಲಿ” ಎಂದು ನಾನು ತೊಗರಿಬೇಳೆ ತೊಳೆಯುತ್ತಲೇ ಹೇಳಿದೆ. ಆ ದಿನದ ಬಿಲ್ಲು ಆಗಲೇ ನನ್ನ ಫೋನಿನಲ್ಲಿತ್ತು.

ಅವರು ಹೊರಟ ಮೇಲೆ ಫೋನು ನೋಡಿದರೆ, ಆ್ಯಪ್ ಆ ಬಿಲ್ಲನ್ನು ಒಪ್ಪಿರಲಿಲ್ಲ. ಅಚ್ಚು ಮಸುಕಾಗಿದೆ, ಕೊಂಡ ವಸ್ತುಗಳ ಹೆಸರನ್ನು ನೀವೇ ಟೈಪ್ ಮಾಡಿ ಎಂದು ಖಾಲಿ ಗೆರೆಗಳನ್ನು ಕೊಟ್ಟಿತ್ತು. ಕನ್ನಡಕ ಹಾಕಿಕೊಂಡು, ಬಿಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೇಲಿನಿಂದ ಒಂದೊಂದೇ ಸಾಲು ಓದಲು ಶುರುಮಾಡಿದೆ. ಅವಳ ಹೆಸರು. ಅವಳ ವಯಸ್ಸು. ಮೂರನೆಯ ಸಾಲಿನಲ್ಲಿ, ವಿಭಾಗ ಎಂದಿದ್ದ ಕಡೆ, ಆಂಕಾಲಜಿ ಎಂದಿತ್ತು. ಕ್ಯಾನ್ಸರ್ ವಿಭಾಗ.

ನಾನು ಮುಂದೆ ಟೈಪ್ ಮಾಡಲಿಲ್ಲ. ಹಳೆಯ ಬಿಲ್ಲುಗಳನ್ನು ಬಿಸ್ಕತ್ತಿನ ಡಬ್ಬಿಯಿಂದ ತೆಗೆದೆ. ಕೆಲವು ಬೆಳ್ಳಗಾಗಿ ಹೋಗಿದ್ದವು. ಉಳಿದ ಎಲ್ಲದರ ಮೂರನೆಯ ಸಾಲಿನಲ್ಲೂ ಅದೇ ಪದ. ಶಾಲೆಯಲ್ಲಿ ಕಾಂಪ್ರಹೆನ್ಷನ್‌ಗೆ ಬಹುಮಾನ ತೆಗೆದುಕೊಂಡವಳು ನಾನು. ಅಂಗಡಿಯ ಹೆಸರು, ತಾರೀಖು, ಟೋಟಲ್ಲು ಬಿಟ್ಟು ಆ ಕಾಗದಗಳಲ್ಲಿ ನಾನು ಬೇರೇನನ್ನೂ ಓದಿರಲಿಲ್ಲ.

ಮೈದುನನಿಗೆ ಫೋನು ಮಾಡಿದೆ. ಬಸ್ಸಿನಲ್ಲಿದ್ದ. ಊರು ತಲುಪಿ, ಕೊಟ್ಟಿಗೆಗೆ ಹೋಗಿ ತಾನೇ ಮಾಡಿದ.

“ನೀವು ಓದ್ಬುಡ್ತೀರಾ ಅಂತ್ಲೇ ಬಿಲ್ಲ ಕೊಡ್ಬ್ಯಾಡ ಅಂದಿದ್ದೆ ಅತ್ಗೆ. ಅವ್ಳು ಕೇಳ್ನಿಲ್ಲ. ‘ಅಕ್ಕ ಓದ್ತದೆ, ಅಕ್ಕ ನಂಗ್ ಸುಳ್ಳ್ ಯೋಳಕಿಲ್ಲ’ ಅಂತ ಜೋಪಾನವಾಗಿ ತತ್ತಿದ್ಳು. ಇಷ್ಟ್ ದಿನ ನೀವು ಬಾಯ್ ಬುಡ್ನಿಲ್ಲ. ಅತ್ಗೆಗೆ ಗೊತ್ತಾಗೈತೆ, ಗೊತ್ತಾಗೂ ಸುಮ್ಕಿದ್ದು ಉಪಕಾರ ಮಾಡ್ತಾವ್ರೆ ಅಂದ್ಕಂಡಿದ್ದೆ. ಇನ್ ಮುಂದ್ಕೂ ಅಂಗೇ ಇದ್ಬುಡಿ. ಕೇಳ್ದ್ರೆ ಅವ್ಳ ಎದೆ ಒಡೆದೋಯ್ತದೆ.”

ಯಜಮಾನರೂ ಅದನ್ನೇ ಹೇಳಿದರು. “ಅವರ ಮನೆ ವಿಷಯ. ಹೇಳೋದಾದ್ರೆ ಗಂಡ ಹೇಳ್ಬೇಕು, ನೀನಲ್ಲ.” ನಮ್ಮ ಕಡೆ ಹಾಗೇ. ಆ ಕಾಯಿಲೆಯ ಹೆಸರನ್ನು ಅದು ಬಂದವರ ಮುಂದೆ ಮಾತ್ರ ಹೇಳುವುದಿಲ್ಲ. ಬೀದಿಗೆಲ್ಲ ಗೊತ್ತಿರುತ್ತದೆ.

ಮುಂದಿನ ಸಲ ಅವಳು ಬಂದಾಗ ಕಾಲು ಊದಿತ್ತು. ಮೈದುನ ಎಲೆ ಅಡಿಕೆ ತರಲು ಹೊರಗೆ ಹೋದ. ಅವಳು ಬಿಲ್ಲನ್ನು ತೆಗೆದು ತೊಡೆಯ ಮೇಲೆ ಹರಡಿ, ಅಂಗೈಯಿಂದ ಸುಕ್ಕು ತೀಡಿದಳು. ನನ್ನ ಕೈಗೆ ಕೊಡಲಿಲ್ಲ.

“ಇವತ್ ಮೊದ್ಲು ಓದಕ್ಕ. ಆಮ್ಯಾಕೆ ಫೋಟೋ.”

ಓದುವವಳಂತೆ ಬಗ್ಗಿದೆ. ಬೆರಳಿಟ್ಟುಕೊಂಡು ಸಾಲು ಸಾಲಾಗಿ ಕೆಳಗೆ ಬಂದೆ. “ಇದು ಗ್ಯಾಸ್ಟ್ರಿಕ್‌ಗೆ. ಇದು ಬಿ ಕಾಂಪ್ಲೆಕ್ಸು. ಇದು ರಕ್ತ ಆಗೋಕೆ.”

“ನಿಜ್ವಾ?”

“ಇಂಗ್ಲಿಷ್ ಬರೋದು ನನಗಾ, ನಿನಗಾ?”

ಅವಳು ನಕ್ಕಳು. “ಅಂಗಾರೆ ಹಸ ಈದ್ಮ್ಯಾಕೇ ಓಯ್ತೀನಿ ಬುಡು.” ಆಮೇಲೆ ಎರಡು ಹೆಬ್ಬೆರಳಿನಿಂದ ಮೂಲೆಗಳನ್ನು ಒತ್ತಿ ಹಿಡಿದು ಕಾದಳು. ನನಗೆ ಕೈ ಬರಲಿಲ್ಲ.

“ಯಾಕಕ್ಕ, ಉದುರ್ಸಕಿಲ್ವಾ?”

“ಫೋನಲ್ಲಿ ಚಾರ್ಜ್ ಇಲ್ಲ ಕಣೇ.”

ಅಷ್ಟರಲ್ಲೇ ನನ್ನ ಮಡಿಲಿನಲ್ಲಿದ್ದ ಫೋನು ಬೆಳಗಿ ಯಾವುದೋ ಮೆಸೇಜು ಬಂತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಬಿಲ್ಲನ್ನು ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಅವತ್ತು ಸಂಜೆಯೇ ಆ್ಯಪ್ ತೆಗೆದುಹಾಕಿದೆ. ಎಷ್ಟು ಕಾಯಿನ್ ಉಳಿದಿತ್ತೋ ನೋಡಲಿಲ್ಲ. ಅದರಿಂದ ಯಾರಿಗೂ ಏನೂ ಆಗಲಿಲ್ಲ ಎನ್ನುವುದು ಬೇರೆ ಮಾತು.

ಅದಾದ ಮೇಲೆ ನಾನು ಅವಳನ್ನು ನೋಡಿದ್ದು ಒಂದೇ ಸಲ. ಅವಳು ಕೊನೆಯ ಇಪ್ಪತ್ತು ದಿನ ಅವ್ವನ ಮನೆಯಲ್ಲಿದ್ದಳು. ಮೈದುನನೂ ಹೋಗಿ ಜೊತೆಗಿದ್ದ. ಯಜಮಾನರು ಎರಡು ಸಲ ಹೋಗಿಬಂದರು. ನಾನು ಮಂಡಿ ನೋವು ಎಂದೆ. ಮಂಡಿ ನೋವು ನಿಜ, ಆದರೆ ಅಷ್ಟು ನಿಜವಲ್ಲ.

ನಾನು ಕೊನೆಯದಾಗಿ ನೋಡಿದ ಆ ಸಲ ಅವಳು ಆಸ್ಪತ್ರೆಯಿಂದ ಒಬ್ಬಳೇ ಬಂದಿದ್ದಳು. ಹಸು ಇವತ್ತೋ ನಾಳೆಯೋ ಈಯುವಂತಿತ್ತು, ಹಾಗಾಗಿ ಮೈದುನ ಊರಲ್ಲೇ ಉಳಿದ. ನಮ್ಮ ಮನೆಯಲ್ಲಿ ಮಲಗದೆ, ಕಾಫಿಯನ್ನು ಅರ್ಧ ಬಿಟ್ಟು, ಹೊರಡುತ್ತೇನೆ ಎಂದಳು. ಬಸ್ ಸ್ಟ್ಯಾಂಡಿನವರೆಗೆ ನಾನೂ ಹೋದೆ. ಕೆ.ಆರ್. ಪೇಟೆ ಬಸ್ಸು ನಿಂತಿತ್ತು. ಹತ್ತಿಸಿ, ಕಿಟಕಿಯ ಪಕ್ಕ ಕೂರಿಸಿ, ದಾರಿಗೆ ಬಾಳೆಹಣ್ಣು ತರುತ್ತೇನೆ ಎಂದು ಇಳಿದೆ.

ಹಣ್ಣು ಕೊಂಡು ತಿರುಗಿದರೆ, ಅವಳ ಪಕ್ಕದ ಸೀಟಿನಲ್ಲಿ ಕೊರಳಿಗೆ ಆಫೀಸಿನ ಐಡಿ ಕಾರ್ಡ್ ಹಾಕಿಕೊಂಡಿದ್ದ ಒಬ್ಬ ಹೆಂಗಸು ಕೂತಿದ್ದರು. ಅವರ ಕೈಯಲ್ಲಿ ಅವಳ ಆಸ್ಪತ್ರೆಯ ಬಿಲ್ಲಿತ್ತು. ಮೇಲಿನಿಂದ ಬೆರಳಿಟ್ಟು ಓದುತ್ತಿದ್ದರು. ಬೆರಳು ಒಂದು ಕಡೆ ನಿಂತಿತು. ಅವರು ತಲೆಯೆತ್ತಿ ಅವಳನ್ನು ಏನೋ ಕೇಳಿದರು. ಅವಳು ಏನೋ ಹೇಳಿದಳು. ಆ ಹೆಂಗಸು ಬಿಲ್ಲನ್ನು ಮಡಿಲಲ್ಲಿಟ್ಟು, ಅವಳ ಕೈಯನ್ನು ತನ್ನ ಎರಡು ಕೈಯಲ್ಲೂ ಹಿಡಿದುಕೊಂಡು, ನಿಧಾನವಾಗಿ ಮಾತನಾಡಿದರು. ಅವಳು ಅವರ ಬಾಯನ್ನೇ ನೋಡುತ್ತಿದ್ದಳು. ನಾನು ಹಣ್ಣಿನಂಗಡಿಯ ಹತ್ತಿರವೇ ನಿಂತೆ.

ಅವಳು ಅಳಲಿಲ್ಲ. ಚೀಲ ತೆಗೆದುಕೊಂಡು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು, ನೇರವಾಗಿ ನನ್ನ ಹತ್ತಿರ ಬಂದಳು.

“ಅವ್ವನ್ ತಾವ ಓಯ್ತಿವ್ನಿ ಕಣಕ್ಕ. ಇವ್ರಿಗೊಂದ್ ಫೋನ್ ಮಾಡಿ ಯೋಳ್ಬುಡು. ಹಸೀಗೆ ರಾತ್ರಿ ಬಿಸಿನೀರ್ ಇಕ್ಲಿ.”

ನಾನು ಬಾಯಿ ತೆರೆದೆ. ಅವಳು ನನ್ನ ತೋಳು ಮುಟ್ಟಿದಳು. “ಇರ್ಲಿ ಬುಡು. ಬಿಸ್ಲಲ್ಲಿ ನಿಂತ್ಕಬ್ಯಾಡ, ಮನೀಗೋಗು.” ಬಾಳೆಹಣ್ಣಿನ ಚಿಪ್ಪನ್ನು ನನ್ನ ಕೈಯಿಂದ ತಾನೇ ತೆಗೆದುಕೊಂಡಳು.

ನಾಗಮಂಗಲದ ಬಸ್ಸು ಆಚೆ ತುದಿಯಲ್ಲಿ ನಿಂತಿತ್ತು. ಕಂಡಕ್ಟರು ಕೈ ಕೊಟ್ಟು ಅವಳನ್ನು ಹತ್ತಿಸಿಕೊಂಡ. ಅವಳಿಗೆ ಆ ಬದಿಯ ಕಿಟಕಿ ಸಿಕ್ಕಿತು, ಹಾಗಾಗಿ ನನಗೆ ಮುಖ ಕಾಣಲಿಲ್ಲ. ಸೆರಗು ಹೊದ್ದ ತಲೆಯ ಹಿಂಭಾಗ ಕಾಣುತ್ತಿತ್ತು. ಬಸ್ಸು ಹಿಂದಕ್ಕೆ ಸರಿದು, ತಿರುಗಿ, ಪಾಂಡವಪುರದ ರಸ್ತೆ ಹಿಡಿಯಿತು.