ಖಫ್ಜಿಯಲ್ಲಿ ಹಿಮಕ್ಕೆ ಕಾದ ಬೆಳಿಗ್ಗೆ

ಮರುಭೂಮಿಗೆ ಬಂದು ಚಳಿಗೆ ಅತ್ತವನು ನಾನು. ಕಲ್ಯಾಣಪುರದಿಂದ ಹೊರಡುವಾಗ ಪೆಟ್ಟಿಗೆಯಲ್ಲಿ ಆರು ತೆಳು ಅಂಗಿ, ಎರಡು ಲುಂಗಿ, ಬೆವರುಸಾಲೆಗೆಂದು ಒಂದು ಡಬ್ಬಿ ಪೌಡರ್ ತುಂಬಿಕೊಂಡಿದ್ದೆ. ಸ್ವೆಟರ್ ಎಂಬುದು ನಮ್ಮ ಮನೆಯಲ್ಲೇ ಇರಲಿಲ್ಲ. ಡಿಸೆಂಬರಿನಲ್ಲಿ ಅಲ್ ಖಫ್ಜಿ ತಲುಪಿದ ಮೂರನೇ ಬೆಳಿಗ್ಗೆ ಮುಖ ತೊಳೆಯಲು ನಲ್ಲಿ ತಿರುಗಿಸಿದರೆ ನೀರೇ ಇಲ್ಲ. ಪಕ್ಕದ ಕೋಣೆಯ ಪಠಾಣನೊಬ್ಬ ಹಳೆಯ ಪೇಪರ್ ಸುರುಳಿ ಸುತ್ತಿ, ಬೆಂಕಿ ಹಚ್ಚಿ, ಪೈಪಿನ ಕೆಳಗೆ ಹಿಡಿದು ಕೂತ. ಸ್ವಲ್ಪ ಹೊತ್ತಿಗೆ ನಲ್ಲಿ ಕೆಮ್ಮಿ, ಒಂದು ತುಂಡು ಮಂಜುಗಡ್ಡೆ ಉಗುಳಿ, ಆಮೇಲೆ ನೀರು ಬಿಟ್ಟಿತು. ನಾನು ಕೋಣೆಗೆ ಹೋಗಿ ಇದ್ದಬದ್ದ ಆರೂ ಅಂಗಿಗಳನ್ನು ಒಂದರ ಮೇಲೊಂದು ಹಾಕಿಕೊಂಡೆ. ಕೈಬೆರಳು ಗುಂಡಿ ಹಾಕಲು ಬಾರದೆ ಅಳು ಬಂತು.

ಊರಿನಲ್ಲಿ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ನಮಗೆ ಚಳಿ ಎಂದರೆ ಸ್ವರ್ಣಾ ಹೊಳೆಯ ಮೇಲೆ ಬೆಳಗಿನ ಮಂಜು, ಅಂಗಳದಲ್ಲಿ ತರಗೆಲೆಗೆ ಬೆಂಕಿ ಹಾಕಿ ಕೈ ಕಾಸುವುದು, ಚರ್ಚಿನ ಬೆಳಗಿನ ಪೂಜೆಗೆ ಹೋಗುವಾಗ ತಾಯಿ ತಲೆಗೆ ಸುತ್ತುವ ಟವೆಲು. ಎಂಟು ಗಂಟೆಗೆ ಬಿಸಿಲು ಬಂದರೆ ಅದೂ ಮುಗಿಯಿತು. ಖಫ್ಜಿ ಕುವೈತಿನ ಗಡಿಗೆ ಅಂಟಿಕೊಂಡ ಎಣ್ಣೆ ಊರು. ಒಂದು ಬದಿಗೆ ಕಡಲು, ಉಳಿದ ಮೂರು ಬದಿಗೆ ಮಟ್ಟಸ ಮರಳು. ಉತ್ತರದಿಂದ ಹೊರಟ ಗಾಳಿಗೆ ನಮ್ಮ ಕ್ಯಾಂಪಿನವರೆಗೆ ಅಡ್ಡ ನಿಲ್ಲಲು ಒಂದು ಮರವೂ ಇರಲಿಲ್ಲ. ಅಲ್ಲಿ ಪೈಪ್‌ಲೈನ್ ಹಾಕುವ ಒಂದು ಕಂಪನಿಯಲ್ಲಿ ನಾನು ಟೈಮ್ ಕೀಪರ್. ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ ಎಂದು ಹಾಜರಿ ಪುಸ್ತಕದಲ್ಲಿ ಬರೆಯುವುದು, ಮಿಕ್ಕ ಹೊತ್ತಿನಲ್ಲಿ ಆಫೀಸಿನ ಕಾಗದ ಟೈಪ್ ಮಾಡುವುದು.

ಕೋಣೆಯಲ್ಲಿ ನಾವು ಮೂವರು. ಸ್ಟೋರ್ ನೋಡಿಕೊಳ್ಳುತ್ತಿದ್ದ ಉಳ್ಳಾಲದ ಹಮೀದ್ ನನ್ನ ಪ್ರಾಯದವನು. ಇನ್ನೊಬ್ಬರು ಕಿನ್ನಿಗೋಳಿ ಕಡೆಯ ಅಲ್ಫೋನ್ಸ್, ಏಸಿ ಮತ್ತು ಫ್ರಿಜ್ ಮೆಕ್ಯಾನಿಕ್, ಐವತ್ತರ ಹತ್ತಿರದವರು. ನಾವಿಬ್ಬರೂ ಅವರನ್ನು ಅಲ್ಫೋನ್ಸಣ್ಣ ಎನ್ನುತ್ತಿದ್ದೆವು. ಅವರ ಜೊತೆ ನನ್ನ ಮಾತು ಕೊಂಕಣಿಯಲ್ಲಿ, ಹಮೀದ್ ಇದ್ದರೆ ತುಳುವಿನಲ್ಲಿ.

ಅಲ್ಫೋನ್ಸಣ್ಣ ತಮ್ಮ ಇಗರ್ಜಿಯಲ್ಲಿ ಇಪ್ಪತ್ತು ವರ್ಷ ಕ್ರಿಸ್ಮಸ್ಸಿನ ಗೋದಲಿ ಕಟ್ಟಿದವರು. ಬೈಹುಲ್ಲಿನ ಕೊಟ್ಟಿಗೆ, ಬಾಲಯೇಸು, ಕುರಿಗಳು, ಮಾಡಿನ ಮೇಲೆಲ್ಲ ಹತ್ತಿಯ ಹಿಮ. ಒಮ್ಮೆ ಒಬ್ಬ ಹುಡುಗಿ, "ಅಂಕಲ್, ಹಿಮ ಹೀಗೇ ಇರುತ್ತದಾ?" ಎಂದು ಕೇಳಿದಳಂತೆ. "ಇಪ್ಪತ್ತು ವರ್ಷ ಮಾಡಿದ್ದೇನೆ ಸಿರಿಲ್, ಒಮ್ಮೆಯೂ ನೋಡಿದ್ದಿಲ್ಲ. ಫ್ರೀಜರಿನಿಂದ ಕೆರೆದು ತೆಗೆಯುವುದು ಹಿಮ ಅಲ್ಲವಲ್ಲ" ಎನ್ನುತ್ತಿದ್ದರು.

ನನ್ನ ಎರಡನೇ ಚಳಿಗಾಲ ಬಹಳ ಕೆಟ್ಟದಾಗಿತ್ತು. ಗಾಡಿಗಳ ಗಾಜಿನ ಮೇಲೆ ಬೆಳಿಗ್ಗೆ ಬಿಳಿ ಪದರ ಕಟ್ಟುತ್ತಿತ್ತು. ಇದೇ ದೇಶದ ವಾಯವ್ಯದಲ್ಲಿ, ತಬೂಕಿನ ಬೆಟ್ಟಗಳಲ್ಲಿ ಹಿಮ ಬಿದ್ದಿದೆ ಎಂದು ಯಾರೋ ರೇಡಿಯೋದಲ್ಲಿ ಕೇಳಿ ಬಂದರು. ಅಲ್ಫೋನ್ಸಣ್ಣ ಅಂದಿನಿಂದ ಆಕಾಶ ನೋಡಲು ಶುರುಮಾಡಿದರು. ಆ ದೇಶದಲ್ಲಿ ಕ್ರಿಸ್ಮಸ್ ಬಹಿರಂಗವಾಗಿ ಮಾಡುವಂತಿಲ್ಲ. ಇಪ್ಪತ್ತೈದನೇ ತಾರೀಕು ಉಳಿದ ದಿನಗಳಂತೆ ಕೆಲಸದ ದಿನ. ಅವರು ತಮ್ಮ ಕಬ್ಬಿಣದ ಟ್ರಂಕಿನೊಳಗೆ ಗೋದಲಿ ಕಟ್ಟಿದ್ದರು. ಸಂಜೆ ಬಾಗಿಲು ಹಾಕಿ, ಟ್ರಂಕಿನ ಮುಚ್ಚಳ ತೆರೆದು, ಮೆಲ್ಲಗೆ ತೇರ್ಸ, ಅಂದರೆ ಜಪಮಾಲೆಯ ಪ್ರಾರ್ಥನೆ ಹೇಳಿ, ಮತ್ತೆ ಮುಚ್ಚುವುದು. ಆ ಗೋದಲಿಗೆ ಹತ್ತಿ ಹಾಕಿರಲಿಲ್ಲ.

"ಯಾಕೆ ಅಲ್ಫೋನ್ಸಣ್ಣ?"

"ಈ ಸಲ ನಿಜವಾದದ್ದೇ ಹಾಕುವ" ಎಂದರು.

ಅವರಿಗೆ ಸಂತೋಷಪಡಲು ಬೇರೆ ಕಾರಣವೂ ಇತ್ತು. ಎರಡು ವರ್ಷ ಮುಗಿದಿತ್ತು, ಮೂರು ದಿನ ಕಳೆದರೆ ರಜೆ. ಜನವರಿಯ ಮೊದಲ ವಾರದಲ್ಲಿ ಮಗಳು ಐರಿನ್‌ಳ ಮದುವೆ. ಖಫ್ಜಿಯ ದರ್ಜಿಯೊಬ್ಬನಿಂದ ಕಪ್ಪು ಸೂಟು ಹೊಲಿಸಿ ಮೊಳೆಗೆ ನೇತುಹಾಕಿದ್ದರು. ನನಗೆ ರಜೆ ಇನ್ನೂ ಒಂದು ವರ್ಷ ದೂರ. ಬೆಳಿಗ್ಗೆ ಎದ್ದರೆ ಆ ಸೂಟು, ಸಂಜೆ ಬಂದರೆ ಅವರ ಗುನುಗು. ಅವರು ನನಗೆ ಏನೂ ಕೆಡುಕು ಮಾಡಿದವರಲ್ಲ. ನನಗೆ ಜ್ವರ ಬಂದಾಗ ಗಂಜಿ ಬೇಯಿಸಿ ಕೊಟ್ಟವರು ಅವರೇ. ಆದರೂ ಆ ಮುಖದ ಖುಷಿಯನ್ನು ಒಮ್ಮೆ ಒರೆಸಿಹಾಕಬೇಕು ಎಂದು ನನಗೆ ಅನಿಸುತ್ತಿತ್ತು. ಇದಕ್ಕಿಂತ ಒಳ್ಳೆಯ ಕಾರಣ ನನ್ನಲ್ಲಿಲ್ಲ.

ಅರಬಿಯಲ್ಲಿ 'ತಲ್ಜ್' ಎಂಬ ಒಂದು ಮಾತಿದೆ. ಮಂಜುಗಡ್ಡೆಗೂ ಅದೇ, ಆಕಾಶದಿಂದ ಬೀಳುವ ಹಿಮಕ್ಕೂ ಅದೇ. ನಮ್ಮವರ ನಡುವೆಯೇ ಕೆಲಸ ಮಾಡುತ್ತಿದ್ದ ಅಲ್ಫೋನ್ಸಣ್ಣನಿಗೆ ಅರಬಿ ಬರುತ್ತಿರಲಿಲ್ಲ. ಕ್ರಿಸ್ಮಸ್ಸಿನ ಮುಂಚಿನ ದಿನ ಮೆಸ್ಸಿನ ದೊಡ್ಡ ಕೋಲ್ಡ್ ಸ್ಟೋರೇಜ್ ಕೆಟ್ಟಿತು. ಅದಕ್ಕೆ ಬೇಕಾದ ಭಾಗ ದಮ್ಮಾಮಿನಿಂದ ಬರಬೇಕು ಎಂದು ಅಲ್ಫೋನ್ಸಣ್ಣನೇ ಬರೆದುಕೊಟ್ಟಿದ್ದರು. ಅಲ್ಲಿಯವರೆಗೆ ಮಾಂಸ, ಮೀನು ಕೆಡದಂತೆ ಐಸ್ ತರಿಸಲು ಮೆಸ್ಸಿನವರು ಹೇಳಿಕಳಿಸಿದ್ದು ಅವರಿಗೆ ಗೊತ್ತಿರಲಿಲ್ಲ. ಯೆಮೆನಿನ ಡ್ರೈವರ್ ಸಾಲೆಹ್ ನನ್ನ ಕಿಟಕಿಯ ಹತ್ತಿರ ಬಂದು, "ಬುಕ್ರಾ ತಲ್ಜ್" ಎಂದ. ನಾಳೆ ಐಸ್ ಬರುತ್ತದೆ, ಗೇಟಿನಲ್ಲಿ ಹೇಳಿಡು ಎಂದು ಅರ್ಥ.

ಸಂಜೆ ಊಟಕ್ಕೆ ಕೂತಾಗ ನಾನು ಹೇಳಿದೆ. "ಅಲ್ಫೋನ್ಸಣ್ಣ, ಸಾಲೆಹ್ ಒಂದು ಸುದ್ದಿ ತಂದಿದ್ದಾನೆ. ಬುಕ್ರಾ ತಲ್ಜ್ ಅಂತೆ."

"ಹಾಗಂದರೆ ಎಂತ?"

"ಬುಕ್ರಾ ಅಂದರೆ ನಾಳೆ. ತಲ್ಜ್ ಅಂದರೆ ಹಿಮ."

ಅವರ ಕೈಯ ರೊಟ್ಟಿ ತಟ್ಟೆಗೆ ಬಿತ್ತು. "ಸುಳ್ಳು ಹೇಳಬೇಡ ಸಿರಿಲ್."

"ನಾನು ಯಾಕೆ ಸುಳ್ಳು ಹೇಳಲಿ? ಬೇಕಾದರೆ ಅವನನ್ನೇ ಕೇಳಿ."

ಅವರು ಎದ್ದು ಹೋಗಿ ಸಾಲೆಹ್‌ನನ್ನು ಕೇಳಿದರು. ಅವನು ನಗುತ್ತ ತಲೆಯಾಡಿಸಿ, "ಅಯ್ವಾ, ಬುಕ್ರಾ, ತಲ್ಜ್" ಎಂದ. ಅವನು ಹೇಳಿದ್ದು ಸತ್ಯವೇ. ವಾಪಸು ಬಂದಾಗ ಅಲ್ಫೋನ್ಸಣ್ಣನ ಕಣ್ಣು ತುಂಬಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ಮುಂದುವರಿಸಿದೆ.

"ಎಂಟು ಗಂಟೆಯ ಹೊತ್ತಿಗೆ ಅಂತೆ. ಉತ್ತರದ ದಿಬ್ಬದ ಮೇಲೆ ಮೊದಲು ಬೀಳುವುದಂತೆ."

"ಏಳಕ್ಕೆ ಡ್ಯೂಟಿ ಉಂಟಲ್ಲ?"

"ಹಾಜರಿ ನನ್ನ ಕೈಯಲ್ಲಿಲ್ಲವಾ? ನೀವು ಹೋಗಿ. ನಾನು ನೋಡಿಕೊಳ್ಳುತ್ತೇನೆ."

ಅವರು ಟ್ರಂಕಿನ ಹತ್ತಿರ ಹೋದ ಮೇಲೆ ಹಮೀದ್ ನನ್ನನ್ನು ಹೊರಗೆ ಕರೆದ. "ಸಾಕು ಮಾರಾಯ. ಈಗಲೇ ಹೇಳಿಬಿಡು."

"ಬೆಳಿಗ್ಗೆ ಹೇಳುತ್ತೇನೆ" ಎಂದೆ. ಹೇಳಲಿಲ್ಲ. ಬದಲಿಗೆ ಮೆಸ್ಸಿನಲ್ಲಿ ಹತ್ತಾರು ಮಂದಿಗೆ ಈ ತಮಾಷೆ ಹಂಚಿದೆ.

ಬೆಳಿಗ್ಗೆ ಅವರು ಹಾಲಿನ ಪುಡಿಯ ಖಾಲಿ ಡಬ್ಬಿಯೊಂದನ್ನು ತೊಳೆದು ಒರೆಸಿ ಹಿಡಿದುಕೊಂಡು ಹೊರಟರು. ಕ್ಯಾಂಪಿನ ಹಿಂದೆ ಪೈಪುಗಳನ್ನು ಪೇರಿಸಿಟ್ಟ ಜಾಗ ದಾಟಿದರೆ ಆ ಮರಳ ದಿಬ್ಬ. ಏಳು ಗಂಟೆಗೆ ಗಾಳಿ ಜೋರಾಯಿತು, ಏಳೂವರೆಗೆ ಮಳೆ ಶುರುವಾಯಿತು. ಮಂಗಳೂರಿನ ಮಳೆಯಂತೆ ನೇರವಾಗಿ ಸುರಿಯುವ ಮಳೆಯಲ್ಲ. ಸೂಜಿಯಂತೆ ಅಡ್ಡಕ್ಕೆ ಬಂದು ಮುಖಕ್ಕೆ ಚುಚ್ಚುವ ಮಳೆ. ಆಫೀಸಿನ ಕಿಟಕಿಯಿಂದ ನೋಡಿದರೆ ದೂರದಲ್ಲಿ ಒಂದು ಕಪ್ಪು ಆಕಾರ ಅಲುಗದೆ ನಿಂತಿತ್ತು.

ಎಂಟೂಕಾಲಿಗೆ ಕ್ಯಾಂಪ್ ಬಾಸ್ ಆಫೀಸಿಗೆ ನುಗ್ಗಿ ಬಂದರು. ಬೊಂಬಾಯಿ ಕಡೆಯವರು, ನಮ್ಮ ದೇಶದವರೇ. ಮುದೀರ್, ಅಂದರೆ ನಮ್ಮ ಮ್ಯಾನೇಜರ್ ಸಾಹೇಬರ ವಿಲ್ಲಾದಲ್ಲಿ ಹೀಟರುಗಳು ಸುಟ್ಟುಹೋಗಿದ್ದವು. ಮನೆಯಲ್ಲಿ ಅತಿಥಿಗಳು, ಎಳೆ ಮಕ್ಕಳು.

"ಅಲ್ಫೋನ್ಸ್ ಎಲ್ಲಿ?"

"ಗೊತ್ತಿಲ್ಲ ಸರ್."

"ಹಾಜರಿ ತೋರಿಸು."

ಅಲ್ಫೋನ್ಸಣ್ಣನ ಹೆಸರಿನ ಮುಂದೆ ಖಾಲಿ ಬಿಟ್ಟಿದ್ದೆ. ಎದುರಿನ ಸ್ಟೋರಿನ ಬಾಗಿಲಲ್ಲಿ ನಿಂತಿದ್ದ ಹಮೀದ್ ತುಳುವಿನಲ್ಲಿ, "ಬರೆಯಬೇಡ ಸಿರಿಲ್. ಇಲ್ಲೇ ಇದ್ದಾರೆ, ನಾನು ಕರೆದು ತರುತ್ತೇನೆ ಅಂತ ಹೇಳು" ಎಂದ. ಕ್ಯಾಂಪ್ ಬಾಸಿಗೆ ತುಳು ಬರುತ್ತಿರಲಿಲ್ಲ. ಅವರು ನನ್ನ ಪೆನ್ನನ್ನೇ ನೋಡುತ್ತಿದ್ದರು. ಖಾಲಿ ಯಾಕೆ ಬಿಟ್ಟೆ ಎಂದು ಕೇಳಿದರೆ ಎಂಬ ಹೆದರಿಕೆಗೆ ನಾನು ಕೆಂಪು ಶಾಯಿಯಲ್ಲಿ ಆಬ್ಸೆಂಟ್ ಎಂದು ಬರೆದೆ.

ಹಮೀದ್ ಮಳೆಯಲ್ಲೇ ದಿಬ್ಬದ ಕಡೆ ಓಡಿದ. ಅಲ್ಫೋನ್ಸಣ್ಣ ಬರಲು ಒಪ್ಪಲಿಲ್ಲವಂತೆ. "ಇನ್ನು ಸ್ವಲ್ಪ ಹೊತ್ತು, ಮಳೆ ಗಟ್ಟಿಯಾಗುತ್ತಾ ಬಂತು" ಎಂದರಂತೆ. ಕೈ ಹಿಡಿದು ಎಳೆದುಕೊಂಡೇ ಬಂದ. ಅವರು ಮೆಸ್ಸಿನ ಎದುರು ತಲುಪುವ ಹೊತ್ತಿಗೆ ಐಸಿನ ಲಾರಿ ಬಂದು ನಿಂತಿತ್ತು. ಸಾಲೆಹ್ ಹಿಂದಿನ ಬಾಗಿಲು ತೆರೆದು ಗಡ್ಡೆಗಳನ್ನು ಇಳಿಸುತ್ತ "ತಲ್ಜ್, ತಲ್ಜ್" ಎಂದು ಮೆಸ್ಸಿನವರನ್ನು ಕರೆಯುತ್ತಿದ್ದ. ಮಳೆಗೆ ಕೆಲಸ ನಿಂತು ಸುತ್ತ ಸೇರಿದ್ದ ಹತ್ತಾರು ಮಂದಿ, ಲಾರಿಯ ಲೆಕ್ಕ ಬರೆಯಲು ಬಂದಿದ್ದ ನನ್ನ ಮುಖ ನೋಡಿದರು. ತಮಾಷೆಯ ಕೊನೆ ನಾನೇ ಹೇಳಬೇಕೆಂದು ಕಾಯುತ್ತಿದ್ದರು.

"ಡಬ್ಬಿ ತನ್ನಿ ಅಲ್ಫೋನ್ಸಣ್ಣ, ತುಂಬಿಸಿ ಕೊಡುತ್ತೇನೆ" ಎಂದೆ.

ಎಲ್ಲರೂ ನಕ್ಕರು. ಅಲ್ಫೋನ್ಸಣ್ಣನ ತುಟಿ ನೀಲಿಗಟ್ಟಿತ್ತು. ಅವರೂ ನಗಲು ನೋಡಿದರು. ಹಲ್ಲು ಕಟಕಟ ಹೊಡೆಯುತ್ತಿದ್ದುದರಿಂದ ಆಗಲಿಲ್ಲ. ಡಬ್ಬಿಯಲ್ಲಿ ಅರ್ಧ ಮಳೆನೀರು ನಿಂತಿತ್ತು. ಅದನ್ನು ನೆಲಕ್ಕೆ ಚೆಲ್ಲಿ ಕೋಣೆಗೆ ಹೋದರು.

ಮಧ್ಯಾಹ್ನ ಅವರನ್ನು ಆಫೀಸಿಗೆ ಕರೆಸಿದರು. ರಜೆಯ ಕಾಗದಕ್ಕೆ ಮುದೀರ್ ಸಹಿ ಹಾಕಬೇಕಿದ್ದದ್ದು ಅಂದೇ. ಹೇಳದೆ ಕೇಳದೆ ಕೆಲಸ ತಪ್ಪಿಸಿದವನಿಗೆ ರಜೆ ಇಲ್ಲ, ಆರು ತಿಂಗಳು ಮುಂದಕ್ಕೆ ಎಂದು ಮುದೀರ್ ಹೇಳಿದರು. ಮಗಳ ಮದುವೆ ಎಂದು ಅಲ್ಫೋನ್ಸಣ್ಣ ಕೈಮುಗಿದರು. ನನ್ನ ಮಕ್ಕಳು ಬೆಳಿಗ್ಗೆಯಿಂದ ನಡುಗುತ್ತಿದ್ದರು ಎಂದು ಮುದೀರ್ ಹೇಳಿ ಒಳಗೆ ಹೋದರು. ರಜೆ ಮುಂದೂಡಿದ ಪತ್ರವನ್ನು ಟೈಪ್ ಮಾಡುವ ಕೆಲಸ ನನ್ನದು. ಮಾಡಿದೆ. ಒಂದಕ್ಷರ ತಪ್ಪಲಿಲ್ಲ.

ಹೊರಗೆ ಅವರು ನನಗಾಗಿ ಕಾದಿದ್ದರು. ಸಿಟ್ಟಿರಲಿಲ್ಲ.

"ಸಿರಿಲ್, ಒಳಗೆ ಹೋಗಿ ಒಂದು ಮಾತು ಹೇಳು. ಕಳಿಸಿದ್ದು ನಾನು, ಹಾಜರಿ ನೋಡಿಕೊಳ್ಳುತ್ತೇನೆ ಅಂತ ಮಾತು ಕೊಟ್ಟಿದ್ದು ನಾನು ಅಂತ ಹೇಳು. ಅಷ್ಟು ಸಾಕು."

"ಹೇಳಿದರೆ ನನ್ನ ಕೆಲಸ ಹೋಗುತ್ತದೆ ಅಲ್ಫೋನ್ಸಣ್ಣ. ಇಕಾಮಾ ಕಿತ್ತುಕೊಂಡು ಊರಿಗೆ ಕಳಿಸುತ್ತಾರೆ." ಇಕಾಮಾ ಎಂದರೆ ಇಲ್ಲಿ ಇರಲು ಕೊಡುವ ಪರವಾನಗಿ ಪುಸ್ತಕ. ಅದಿಲ್ಲದವನು ಇಲ್ಲಿ ಮನುಷ್ಯನೇ ಅಲ್ಲ.

"ಹೌದು" ಎಂದರು ಅವರು. ಆಮೇಲೆ ವಿಲ್ಲಾದ ಉಳಿದ ಹೀಟರುಗಳ ರಿಪೇರಿಗೆ ಹೋದರು.

ಮದುವೆಯ ದಿನ ಹಮೀದ್‌ನನ್ನು ದಮ್ಮಾಮಿಗೆ ಕಳಿಸಿದ್ದರು. ಹತ್ತು ಗಂಟೆಯ ಹೊತ್ತಿಗೆ ಕನ್ನಡಕ ಮರೆತೆನೆಂದು ನಾನು ಕೋಣೆಗೆ ಹೋದೆ. ಒಂದು ದಿನ ಬಿಡುವು ಕೇಳಿಕೊಂಡಿದ್ದ ಅಲ್ಫೋನ್ಸಣ್ಣ ಆ ಕಪ್ಪು ಸೂಟು ಹಾಕಿ, ಟೈ ಕಟ್ಟಿ, ಮಂಚದ ತುದಿಯಲ್ಲಿ ಕೈಗಳನ್ನು ಮೊಣಕಾಲ ಮೇಲಿಟ್ಟು ಕೂತಿದ್ದರು. ಊರಿನಲ್ಲಿ ಪೂಜೆ ಮುಗಿದು ಮಗಳು ಇಗರ್ಜಿಯಿಂದ ಹೊರಗೆ ಬರುತ್ತಿದ್ದ ಹೊತ್ತು ಇರಬೇಕು. ಅವರು ತಲೆ ಎತ್ತಲಿಲ್ಲ. ನಾನು ಬಾಗಿಲು ಎಳೆದುಕೊಂಡು ಕನ್ನಡಕವಿಲ್ಲದೆಯೇ ಆಫೀಸಿಗೆ ಮರಳಿದೆ.

ಅವರು ಬೇರೆ ಕೋಣೆಗೆ ಹೋದರು. ಆರು ತಿಂಗಳ ಮೇಲೆ, ಜಡಿಮಳೆಯ ಕಾಲದಲ್ಲಿ ಊರಿಗೆ ಹೋಗಿ ಬಂದರು. ಮುಂದಿನ ಡಿಸೆಂಬರಿನಲ್ಲಿ ನನ್ನ ಸರದಿ ಬಂತು. ಗಲ್ಫಿನಿಂದ ಊರಿಗೆ ಹೊರಟವನು ಕ್ಯಾಂಪಿನವರ ಗಂಟುಗಳನ್ನು ಒಯ್ಯಲೇಬೇಕು. ಅಲ್ಫೋನ್ಸಣ್ಣನ ಗಂಟು ಹಮೀದ್‌ನ ಕೈಯಲ್ಲಿ ನನಗೆ ಬಂತು.

ಊರಿನ ಡಿಸೆಂಬರಿನಲ್ಲಿ ನಾನು ಬೆವರುತ್ತಿದ್ದೆ. ಎಲ್ಲರೂ ಬೆಡ್‌ಶೀಟ್ ಹೊದ್ದು ಮಲಗಿದರೆ ನನಗೆ ಫ್ಯಾನ್ ಬೇಕು. "ಅರಬಸ್ತಾನದವನಿಗೆ ನಮ್ಮ ಚಳಿ ಸಾಲುವುದಿಲ್ಲ" ಎಂದು ತಾಯಿ ನಕ್ಕರು. ಬೆಳಗಿನ ಮಂಜು ನೋಡಿದರೆ ಮೊದಲಿನ ಹಾಗೆ ಏನೂ ಅನಿಸಲಿಲ್ಲ.

ಕಿನ್ನಿಗೋಳಿಗೆ ಬಸ್ಸಿನಲ್ಲಿ ಹೋದೆ. ಅಲ್ಫೋನ್ಸಣ್ಣನ ಹೆಂಡತಿ ಸೆವ್ರಿನ್ ಬಾಯಿ ನನ್ನನ್ನು ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ, ಆ ವರ್ಷದ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳನ್ನು ತಂದಿಟ್ಟರು, ನೆವ್ರಿ, ಕುಲ್ಕುಲ್, ಎಳ್ಳುಂಡೆ. ಗೋಡೆಯ ಮೇಲೆ ಮದುವೆಯ ಫೋಟೋ. ಐರಿನ್‌ಳ ಪಕ್ಕದಲ್ಲಿ ಅವಳ ಸೋದರಮಾವ ನಿಂತಿದ್ದರು.

"ಮದುವೆಯ ಹೊತ್ತಿಗೇ ದೊಡ್ಡ ಮಿಷನ್ ಕೆಟ್ಟಿತ್ತಂತೆ ಅಲ್ಲವಾ ಮಗಾ? ಇವರನ್ನು ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲವಂತೆ."

"ಹೌದು" ಎಂದೆ.

"ನೀನು ಮದುವೆಯ ದಿನವಿಡೀ ಕೆಲಸಕ್ಕೆ ಹೋಗದೆ ಇವರ ಹತ್ತಿರವೇ ಕೂತಿದ್ದೆಯಂತೆ. ಊಟ ಮಾಡಿಸಿದೆಯಂತೆ. ಎಲ್ಲ ಹೇಳಿದ್ದಾರೆ." ಅವರು ನನ್ನ ಎರಡೂ ಕೈ ಹಿಡಿದುಕೊಂಡರು. "ಮಗನ ಹಾಗೆ ಮಾಡಿದೆ ನೀನು."

ಒಂದು ನೆವ್ರಿ ನನ್ನ ಬಾಯಲ್ಲಿತ್ತು. ನುಂಗಿದೆ. ಇನ್ನೊಂದು ಕೊಟ್ಟರು, ಅದನ್ನೂ ತಿಂದೆ.

ಖಫ್ಜಿಗೆ ಮರಳಿದ ದಿನವೇ ಅವರ ಕೋಣೆಗೆ ಹೋಗಿ ಮನೆಯಿಂದ ಕೊಟ್ಟ ಡಬ್ಬವನ್ನು ಮೇಜಿನ ಮೇಲಿಟ್ಟೆ. ಅವರು ಸ್ಕ್ರೂಡ್ರೈವರ್ ಒರೆಸುತ್ತ ಕೂತಿದ್ದರು.

"ಸೆವ್ರಿನ್ ಬಾಯಿ ನನ್ನ ಕೈ ಹಿಡಿದುಕೊಂಡು ಮಗನ ಹಾಗೆ ಮಾಡಿದೆ ಎಂದರು ಅಲ್ಫೋನ್ಸಣ್ಣ. ನೀವು ಯಾಕೆ ಹಾಗೆ ಹೇಳಿದಿರಿ?"

"ಮತ್ತೆ ಎಂತ ಹೇಳಬೇಕಿತ್ತು? ಗಂಡ ಮದುವೆಯ ದಿನ ಒಬ್ಬನೇ ಕೂತಿದ್ದ ಅಂತ ಅವಳು ಜೀವನಪೂರ್ತಿ ನೆನೆಸಬೇಕಾ? ಒಬ್ಬ ಜೊತೆಗಿದ್ದ ಅಂತ ಹೇಳಬೇಕಿತ್ತು. ಅವಳಿಗೆ ಪತ್ರದಲ್ಲಿ ಓದಿ ಗೊತ್ತಿದ್ದ ಹೆಸರು ನಿನ್ನದು." ಅವರು ಸ್ಕ್ರೂಡ್ರೈವರನ್ನು ಪೆಟ್ಟಿಗೆಯಲ್ಲಿಟ್ಟರು. "ಅದು ಅವಳಿಗೋಸ್ಕರ ಸಿರಿಲ್. ನಿನಗೋಸ್ಕರ ಅಲ್ಲ. ಬಾಗಿಲು ಹಾಕಿಕೊಂಡು ಹೋಗು, ಗಾಳಿ ಬರುತ್ತದೆ."

ಮರುವರ್ಷ ನಾನು ಕೇಳಿಕೊಂಡು ಅಲ್ ಅಹ್ಸಾಕ್ಕೆ ವರ್ಗವಾಗಿ ಬಂದೆ. ಇಲ್ಲಿ ಖರ್ಜೂರದ ತೋಟಗಳು ಗಾಳಿ ತಡೆಯುತ್ತವೆ, ಚಳಿ ಕಡಿಮೆ. ಹಮೀದ್ ಈಗಲೂ ಕಾಗದ ಬರೆಯುತ್ತಾನೆ. ಅಲ್ಫೋನ್ಸಣ್ಣ ಚೆನ್ನಾಗಿದ್ದಾರೆ ಎಂಬ ಒಂದು ಸಾಲು ತಪ್ಪದೆ ಇರುತ್ತದೆ. ಈ ವರ್ಷ ನನಗೆ ಕ್ರಿಸ್ಮಸ್ಸಿಗೆ ರಜೆ ಸಿಕ್ಕಿದೆ. ಸುದ್ದಿ ತಿಳಿದು ಸೆವ್ರಿನ್ ಬಾಯಿ ಪತ್ರ ಬರೆದಿದ್ದಾರೆ. ಐರಿನ್‌ಗೆ ಗಂಡುಮಗು ಹುಟ್ಟಿದೆ, ಜ್ಞಾನಸ್ನಾನದ ದಿನ ನಾನೇ ಧರ್ಮತಂದೆಯಾಗಿ ಮಗುವನ್ನು ಎತ್ತಿಕೊಳ್ಳಬೇಕಂತೆ, ಮನೆಯವನೇ ಅಲ್ಲವಾ ನೀನು ಎಂದು ಕೇಳಿದ್ದಾರೆ. ಖಫ್ಜಿಯ ಆ ಕೋಣೆಗೆ ನಾನು ಹೋಗುವಂತಿಲ್ಲ, ಕಿನ್ನಿಗೋಳಿಯ ಆ ಮನೆಗೆ ಹೋಗದೆ ಇರುವಂತಿಲ್ಲ. ಪತ್ರ ಬಂದು ಹದಿನೈದು ದಿನವಾಯಿತು. ಇನ್ನೂ ಉತ್ತರ ಬರೆದಿಲ್ಲ.