ಗುಂಡನಿಗೆ ಕಟ್ಟಿದ ಉಂಡೆ

ಮೊನ್ನೆ ಟೋಟೆಮ್ ಲೇಕ್‌ ಬಡಾವಣೆಯ ಅಂಗಡಿಸಾಲಿನಲ್ಲಿ ದಿನಸಿ ತರಲು ಹೊರಟಿದ್ದೆ. ಒಂದು ಅಂಗಡಿಯ ತೆರೆದ ಬಾಗಿಲಿನಿಂದ ಬೆಂದ ಗೆಣಸು, ಹುರಿದ ಶೇಂಗಾ ಎರಡೂ ಸೇರಿದ ವಾಸನೆ ಬಂತು. ಬೋರ್ಡು ನೋಡಿದರೆ ಅದು ನಾಯಿಗಳ ಬೇಕರಿ. ಗಾಜಿನ ಕಪಾಟಿನಲ್ಲಿ ಎಲುಬಿನ ಆಕಾರದ ಬಿಸ್ಕತ್ತುಗಳು. ನನಗೆ ನಾಯಿಯೂ ಇಲ್ಲ, ಅಲ್ಲಿ ಕೆಲಸವೂ ಇಲ್ಲ. ಆದರೂ ಕಾಲು ಮುಂದೆ ಹೋಗಲಿಲ್ಲ. ಎಷ್ಟೋ ವರ್ಷಗಳ ಹಿಂದೆ, ಕ್ರಾಸ್‌ರೋಡ್ಸ್‌ ಎಂಬ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿದ್ದಾಗ, ಪ್ರತಿ ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಆಂಟಿಯ ಅಡುಗೆಮನೆಯಿಂದ ಇದೇ ವಾಸನೆ ಬರುತ್ತಿತ್ತು...

ಆಂಟಿ ಹಾಸನದ ಕಡೆಯವರು. ರೆಂಟನ್‌ನ ವಿಮಾನ ಕಾರ್ಖಾನೆಯಲ್ಲಿ ಬಹಳ ವರ್ಷಗಳಿಂದ ಎಂಜಿನಿಯರ್. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮನೆಯಲ್ಲಿದ್ದದ್ದು ಅವರು ಮತ್ತು ಗುಂಡ ಎಂಬ ಲ್ಯಾಬ್ರಡಾರ್ ನಾಯಿ. ನಾಯಿ ಇರುವ ಮನೆಯೆಂದು ನಮ್ಮವರು ಕೆಲವರು ಅವರ ಮನೆಯಲ್ಲಿ ನೀರು ಕೂಡ ಮುಟ್ಟುತ್ತಿರಲಿಲ್ಲ. "ಬೇಡ ಅಂದ್ರೆ ಬಿಡ್ಲಿ, ಅವರ ಪಾಲಿನ ಪಾಯಸಾನೂ ಗುಂಡನೇ ಕುಡೀತಾನೆ," ಎಂದು ಅವರು ನಗುತ್ತಿದ್ದರು.

ನಾನು ಆಗ ಗದಗಿನಿಂದ ಈ ದೇಶಕ್ಕೆ ಬಂದು ಎರಡು ವರ್ಷವಾಗಿತ್ತು. ಡಿಪೆಂಡೆಂಟ್ ವೀಸಾ, ಕೆಲಸ ಮಾಡುವ ಹಾಗಿಲ್ಲ. ಗಂಡ ಬೆಳಿಗ್ಗೆ ಆಫೀಸಿಗೆ ಹೋದರೆ ಸಂಜೆಯವರೆಗೆ ಗೋಡೆಯೇ ಗತಿ. ನನಗೆ ಡ್ರೈವಿಂಗ್ ಕಲಿಸಲು ಶುರು ಮಾಡಿದವರು ಆಂಟಿ, ಜ್ವರ ಬಂದಾಗ ಗಂಜಿ ತಂದವರೂ ಆಂಟಿ. ಸರಿಯಾಗಿ ಹೇಳಬೇಕೆಂದರೆ, ಆ ಊರಿನಲ್ಲಿ ನನ್ನವರು ಅಂತ ನನಗಿದ್ದದ್ದು ಅವರೊಬ್ಬರೇ.

ಅಂಗಡಿಯ ಬಿಸ್ಕತ್ತನ್ನು ಅವರು ಗುಂಡನ ಬಾಯಿಗೆ ಹಾಕುತ್ತಿರಲಿಲ್ಲ. ಗೆಣಸು ಬೇಯಿಸಿ ಕಿವುಚುವುದು, ಅದಕ್ಕೆ ರಾಗಿಹಿಟ್ಟು, ಉಪ್ಪಿಲ್ಲದೆ ಹುರಿದು ರುಬ್ಬಿದ ಶೇಂಗಾ ಸೇರಿಸಿ ನಾದುವುದು, ದಪ್ಪಗೆ ಲಟ್ಟಿಸಿ ಸ್ಟೀಲ್ ಲೋಟದ ಬಾಯಿಂದ ಒತ್ತಿ ಬಿಲ್ಲೆ ಮಾಡುವುದು, ಓವನ್‌ನಲ್ಲಿಡುವುದು. ನಾನು ಹತ್ತಿರ ಕೂತು ನೋಡುತ್ತಿದ್ದೆ. ಈರುಳ್ಳಿ ಆಗದು, ಚಾಕೊಲೇಟ್ ಆಗದು ಎಂದು ಅವರು ಹೇಳಿದ್ದು ನೆನಪಿದೆ. ಉಳಿದದ್ದನ್ನು ನಾನೂ ಕೇಳಲಿಲ್ಲ, ಅವರಿಗೂ ಹೇಳುವ ಪ್ರಸಂಗ ಬರಲಿಲ್ಲ.

ಒಮ್ಮೆ ಕಂಪನಿಯವರು ಅವರನ್ನು ಎರಡು ದಿನಕ್ಕೆ ಬೇರೆ ಊರಿಗೆ ಕಳಿಸಿದರು. ಗುಂಡನನ್ನು ನನ್ನ ಬಳಿ ಬಿಟ್ಟರು, ಜೊತೆಗೆ ಒಂದು ಡಬ್ಬಿ ಬಿಲ್ಲೆ. ದಿನಕ್ಕೆ ಮೂರು ಎಂಬುದು ಲೆಕ್ಕ. ಆದರೆ ಆ ಪ್ರಾಣಿ ಮುಖ ನೋಡುತ್ತಾ ಕೂತರೆ ಯಾರಿಂದ ಆಗುತ್ತದೆ? ಮೊದಲ ದಿನ ಸಂಜೆಯೊಳಗೆ ಡಬ್ಬಿ ಖಾಲಿ. ಯಾರ ಡಬ್ಬಿಯನ್ನೂ ಖಾಲಿ ಹಿಂದಿರುಗಿಸುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ನಾನೇ ತುಂಬಿಸಿ ಕೊಡುತ್ತೇನೆ ಎಂದುಕೊಂಡೆ. ಗೋಧಿಹಿಟ್ಟು ಹುರಿದೆ, ಬೆಲ್ಲ, ಶೇಂಗಾಪುಡಿ, ತುಪ್ಪ ಹಾಕಿದೆ. ಉಂಡೆ ಕಟ್ಟುವ ಮೊದಲು, ತವರಿನಲ್ಲಿ ಕಲಿತ ಕೈ ಸುಮ್ಮನಿರಬೇಕಲ್ಲ, ಒಂದು ದೊಡ್ಡ ಹಿಡಿ ಒಣದ್ರಾಕ್ಷಿಯನ್ನೂ ಸುರಿದೆ. ದ್ರಾಕ್ಷಿ ಕಾಣದ ಉಂಡೆಯನ್ನು ನಮ್ಮ ಕಡೆ ಯಾರ ಕೈಯಲ್ಲೂ ಇಡುವುದಿಲ್ಲ. ನಾಯಿಯ ಹತ್ತಿರ ಮಾತ್ರ ಯಾಕೆ ಜಿಪುಣತನ ಎನ್ನಿಸಿತು. ಗುಂಡ ನಾಲ್ಕು ತಿಂದ. ಗಂಡನ ಮುಂದೆ ಜಂಬ ಕೊಚ್ಚಿಕೊಂಡೆ.

ಬೆಳಿಗ್ಗೆ ನೋಡಿದರೆ ಗುಂಡ ಕಾರ್ಪೆಟ್ ಮೇಲೆ ವಾಂತಿ ಮಾಡಿದ್ದ. ಅದರಲ್ಲಿ ಉಬ್ಬಿದ ದ್ರಾಕ್ಷಿಗಳು. ಎಲ್ಲ ಒರೆಸಿ, ಕವರಿಗೆ ಹಾಕಿ ಗಂಟು ಕಟ್ಟಿ, ಕೆಳಗಿನ ಕಸದ ಡಬ್ಬಕ್ಕೆ ಎಸೆದು ಬಂದೆ. ಆಮೇಲೆ ಯಾಕೋ ಅನುಮಾನ ಬಂದು ಫೋನ್‌ನಲ್ಲಿ ಹುಡುಕಿದೆ. ದ್ರಾಕ್ಷಿ ನಾಯಿಗೆ ವಿಷ, ಕಿಡ್ನಿ ಹೋಗಬಹುದು, ತಿಂದದ್ದು ಗೊತ್ತಾದ ಕೂಡಲೇ ಡಾಕ್ಟರ ಬಳಿ ಒಯ್ಯಿರಿ ಎಂದಿತ್ತು. ಗಡಿಯಾರದಲ್ಲಿ ಎಂಟು ಗಂಟೆ.

ಗಂಡ ಶೂ ಹಾಕಿಕೊಳ್ಳುತ್ತಿದ್ದ. "ಆಂಟಿಗೆ ಫೋನ್ ಹಚ್ಚಲೇನ್ರಿ?" ಎಂದೆ.

"ಈಗ ಹೇಳಿ ಅವರ ತಲಿ ಯಾಕ ಕೆಡಿಸ್ತಿ? ವಾಂತಿ ಆತು, ಎಲ್ಲಾ ಹೊರಗ ಬಂತು. ಮಧ್ಯಾಹ್ನ ಅವರಽ ಬರ್ತಾರಲ್ಲ, ಸುಮ್ನಿರು," ಎಂದು ಹೊರಟುಹೋದ.

ಅವನ ಮೇಲೆ ತಪ್ಪು ಹೊರಿಸಲಾರೆ. ನನಗೆ ಬೇಕಾದ ಮಾತನ್ನೇ ಅವನು ಆಡಿದ್ದ, ಅಷ್ಟೇ.

ಒಂಬತ್ತಾಯಿತು. ಗುಂಡ ನೀರು ಕುಡಿದ, ಅದನ್ನೂ ಕಾರಿದ. ಹತ್ತಾಯಿತು. ಸೋಫಾದ ಪಕ್ಕ ಮುದುಡಿ ಮಲಗಿದವನು ಕರೆದರೂ ಏಳಲಿಲ್ಲ. ಆಂಟಿಯ ನಂಬರ್ ಒತ್ತಿದೆ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಮತ್ತೆ ಒತ್ತಿದೆ, ಮತ್ತೆ ಕಟ್ ಮಾಡಿದೆ. ಅವರು ನನ್ನ ಮುಖಕ್ಕೆ ಬಾಗಿಲು ಹಾಕಿಬಿಟ್ಟರೆ? ಇಡೀ ದಿನ ನಾನು ಯಾರ ಮನೆಗೆ ಹೋಗಲಿ? ಕಣ್ಣೆದುರು ಒಂದು ಜೀವ ನರಳುತ್ತಿದ್ದರೂ ನನಗೆ ನನ್ನದೇ ಚಿಂತೆಯಾಗಿತ್ತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಆಂಟಿ ಬಂದಾಗ ಒಂದು ಗಂಟೆ. ಅವರ ದನಿ ಕೇಳಿ ಗುಂಡ ಬಾಲ ಆಡಿಸಲು ನೋಡಿದ, ಆಗಲಿಲ್ಲ. ಅವರು ಕೈಯಲ್ಲಿದ್ದ ಬ್ಯಾಗನ್ನು ಬಾಗಿಲಲ್ಲೇ ಬಿಟ್ಟು ಅವನ ಪಕ್ಕ ಕೂತರು. "ಏನ್ ತಿಂದ?"

"ನೀವು ಕೊಟ್ಟಿದ್ದನ್ನ ತಿಂದಾನ್ರಿ ಆಂಟಿ."

ಅವರು ಮತ್ತೊಂದು ಮಾತು ಕೇಳಲಿಲ್ಲ. ಇಬ್ಬರೂ ಸೇರಿ ಅವನನ್ನು ಎತ್ತಿ ಕಾರಿಗೆ ಹಾಕಿದೆವು. ಹಿಂದಿನ ಸೀಟಿನಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು. ಕೆಂಪು ದೀಪ ಬಿದ್ದಲ್ಲೆಲ್ಲ ಆಂಟಿ ಹಿಂದಿರುಗಿ ನೋಡುತ್ತಿದ್ದರು, ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರ್ ಒಂದೊಂದಾಗಿ ಕೇಳತೊಡಗಿದಳು. ಚಾಕೊಲೇಟ್? ಇಲ್ಲ, ಎಂದರು ಆಂಟಿ. ಈರುಳ್ಳಿ? ಇಲ್ಲ. ಮಾತ್ರೆ, ಇಲಿ ಪಾಷಾಣ? ಇಲ್ಲ. ದ್ರಾಕ್ಷಿ, ಒಣದ್ರಾಕ್ಷಿ? "ಸಾಧ್ಯವೇ ಇಲ್ಲ. ಇವಳ ಹತ್ತಿರ ಬಿಟ್ಟಿದ್ದೆ, ನನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾಳೆ," ಎಂದು ಇಂಗ್ಲಿಷಿನಲ್ಲಿ ಹೇಳಿ ನನ್ನ ಹೆಗಲ ಮೇಲೆ ಕೈಯಿಟ್ಟರು. ಡಾಕ್ಟರ್ ಅದನ್ನೂ ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದಳು.

"ದ್ರಾಕ್ಷಿ ತಿಂದಾನ," ಎಂದೆ. ಕನ್ನಡದಲ್ಲೇ ಬಾಯಿಂದ ಬಂತು. ಡಾಕ್ಟರಿಗೆ ಅರ್ಥವಾಗಲಿಲ್ಲ, ಆಂಟಿಗೆ ಆಯಿತು. ಹೆಗಲ ಮೇಲಿನ ಕೈ ಸರಿಯಿತು. "ನಿನ್ನೆ ಸಂಜಿಮುಂದ ಉಂಡಿ ಮಾಡಿ ಹಾಕಿದ್ದೆ. ನನಗ ಗೊತ್ತಿರಲಿಲ್ರಿ ಆಂಟಿ. ಈಗ... ಈಗ ಕಾರಿನ್ಯಾಗ ಫೋನ್ ನೋಡಿದೆ."

ಆಂಟಿ ನನ್ನ ಮಾತನ್ನು ಡಾಕ್ಟರಿಗೆ ಇಂಗ್ಲಿಷಿನಲ್ಲಿ ಒಂದೊಂದಾಗಿ ಹೇಳಿದರು. ಕೊನೆಯ ಸುಳ್ಳನ್ನೂ ಸೇರಿಸಿ. ತಕ್ಷಣ ಇಬ್ಬರು ಬಂದು ಗುಂಡನನ್ನು ಒಳಗೆ ಒಯ್ದರು.

ಹೊರಗಿನ ಬೆಂಚಿನಲ್ಲಿ ನಾನು ಅಳುತ್ತಿದ್ದೆ. ಆಂಟಿಯೇ ಮೊದಲು ಮಾತಾಡಿದರು. "ಗೊತ್ತಿಲ್ದೆ ಆಗಿದ್ದು ಕಣೇ. ಗೊತ್ತಾದ ತಕ್ಷಣ ಹೇಳಿದೆಯಲ್ಲ, ಎಷ್ಟೋ ಜನ ಅಷ್ಟೂ ಮಾಡಲ್ಲ." ಅವರು ನನ್ನ ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಮೂರು ದಿನ ಡ್ರಿಪ್ ಹಾಕಿ ಗುಂಡನನ್ನು ಉಳಿಸಿದರು. ಇನ್ನೂ ಬೇಗ ತಂದಿದ್ದರೆ ಕಿಡ್ನಿಗೆ ಇಷ್ಟು ಪೆಟ್ಟು ಬೀಳುತ್ತಿರಲಿಲ್ಲವೇನೋ ಎಂದಳು ಡಾಕ್ಟರ್. ಆಮೇಲೆ ಅವನಿಗೆ ಆಸ್ಪತ್ರೆಯ ಪಥ್ಯದ ಊಟ ಮಾತ್ರ. ಶೇಂಗಾ ಇಲ್ಲ, ಗೆಣಸಿಲ್ಲ. ಭಾನುವಾರ ಪಕ್ಕದ ಮನೆಯ ಓವನ್ ಹಚ್ಚುವುದು ನಿಂತಿತು. ಹೀಗೇ ಒಂದೂವರೆ ವರ್ಷ ಬದುಕಿದ. ಅಷ್ಟು ದಿನವೂ ಆಂಟಿ ಕಂಡವರಿಗೆಲ್ಲ, ನಾನು ಧೈರ್ಯ ಮಾಡಿ ಬಾಯಿ ಬಿಟ್ಟಿದ್ದಕ್ಕೇ ಗುಂಡ ಉಳಿದ ಎಂದು ಹೇಳುತ್ತಿದ್ದರು. ಯಾರದೋ ಮನೆಯ ಗಣೇಶನ ಹಬ್ಬದಲ್ಲಿ ಹತ್ತು ಜನರೆದುರು ಹೇಳಿದಾಗ ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ.

ಗುಂಡ ಸತ್ತ ಮರುದಿನ ಹೇಳಿಯೇಬಿಡಬೇಕೆಂದು ಹೋದೆ. "ಆಂಟಿ, ಆವತ್ತು ಮುಂಜಾನೆ..." ಎಂದು ಶುರು ಮಾಡಿದೆ. ನಾನು ಉಂಡೆಯ ಮಾತೆತ್ತಿದೆ ಎಂದುಕೊಂಡರು. "ಬಿಡೇ, ಅದನ್ನ ಇನ್ನೂ ಇಟ್ಕೊಂಡಿದೀಯಾ?" ಎಂದು ನನ್ನನ್ನೇ ಸಮಾಧಾನ ಮಾಡಿದರು. ನಾನು ಮಾಡಿಸಿಕೊಂಡೆ. ಮುಂದೆ ನಾವು ಮನೆ ಬದಲಿಸಿದೆವು, ಅವರು ನಿವೃತ್ತರಾದರು, ಫೋನ್ ಕಡಿಮೆಯಾಯಿತು. ಹೋದ ಚಳಿಗಾಲದಲ್ಲಿ ಅವರ ತಂಗಿ ಫೋನ್ ಮಾಡಿ, ಅಕ್ಕ ಹೋದರು ಎಂದರು. ನಿಮ್ಮನ್ನು ತುಂಬಾ ನೆನೆಯುತ್ತಿದ್ದರು ಎಂದೂ ಅಂದರು...

ಬೇಕರಿಯ ಹುಡುಗಿ ಹೊರಗೆ ಬಂದು, ನಿಮ್ಮ ನಾಯಿಗೆ ಏನು ಕೊಡಲಿ ಎಂದು ಕೇಳಿದಳು. ಏನೂ ಬೇಡವೆಂದು ತಲೆಯಾಡಿಸಿ ಕಾರಿಗೆ ಬಂದೆ. ಬಾಗಿಲು ಹಾಕಿಕೊಂಡು, ಇಷ್ಟು ವರ್ಷ ಬಾಯಿಗೆ ಬಾರದ ಮಾತನ್ನು ಗಟ್ಟಿಯಾಗಿ ಹೇಳಿದೆ. "ಆಂಟಿ, ನನಗ ಮುಂಜಾನೆ ಎಂಟಕ್ಕ ಗೊತ್ತಾಗಿತ್ರಿ."

ಬೈಯಲು ಅಲ್ಲಿ ಯಾರೂ ಇರಲಿಲ್ಲ.