ಉಗ್ರಾಣದ ಬೀಗದ ಕೈ

ಮೂಡಬಿದ್ರೆಗೆ ಡೇರೆ ಸಿನಿಮಾ ಬಂದಿತ್ತು. ಮನೆಮಂದಿಯೆಲ್ಲ ಕೂತು ನಗುವ ಚಿತ್ರ ಎಂದು ಎತ್ತಿನಗಾಡಿಯಲ್ಲಿ ಡೋಲು ಬಡಿದು ಸಾರಿದ್ದರು. ಶಾಲೆಯ ಮಕ್ಕಳಿಗೆ ತೋರಿಸಬಹುದೇ ಎಂದು ಮೊದಲು ನೋಡಿ ಬರಲು ಹೋದವರು ಇಬ್ಬರು: ಟೀಚರಾದ ನಾನು ಮತ್ತು ನಮ್ಮ ಶಾಲೆಯ ಮ್ಯಾನೇಜರು. ಅವರು ಹತ್ತೂರಿಗೆ ಹೆಸರಾದ ಗುತ್ತಿನ ಮನೆಯವರು, ಹಳೆಯ ಜಮೀನ್ದಾರರು.

ಚಿತ್ರದಲ್ಲಿ ಹೆಂಡತಿ ಉಗ್ರಾಣಕ್ಕೆ ಬೀಗ ಜಡಿದು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ. ಗಂಡ ಒಂದು ತುಂಡು ಬೆಲ್ಲಕ್ಕೂ ಅವಳ ಹಿಂದೆ ಸುತ್ತಬೇಕು. ಇಡೀ ಡೇರೆ ನಕ್ಕಿತು. ಮ್ಯಾನೇಜರು ಮಾತ್ರ ನಗಲಿಲ್ಲ.

ಹೊರಗೆ ಬಂದದ್ದೇ ತೀರ್ಪು ಕೊಟ್ಟರು: "ಇದು ಮಕ್ಕಳಿಗೆ ಬೇಡ ಟೀಚರೇ. ಗಂಡಸು ಹೆಂಗಸಿನ ಹತ್ತಿರ ಕೇಳಿಕೊಂಡು ಬದುಕುವುದು! ಮಕ್ಕಳು ಏನು ಕಲಿಯಬೇಕು?"

ನನಗೆ ಮೈಯೆಲ್ಲ ಉರಿಯಿತು. ನಮ್ಮ ಕಡೆಯ ಅಳಿಯಸಂತಾನದ ಮನೆಗಳಲ್ಲಿ ಆಸ್ತಿ ಬರುವುದೇ ಹೆಣ್ಣಿನ ಕಡೆಯಿಂದ. ಇವರ ಗುತ್ತಿನಲ್ಲಂತೂ ಇವರ ಅಕ್ಕ ಹೂಂ ಅನ್ನದೆ ಒಂದು ಮುಡಿ ಅಕ್ಕಿ ಹೊರಗೆ ಹೋಗದು ಎಂದು ಊರಿಗೇ ಗೊತ್ತು.

"ಇದನ್ನು ನಮ್ಮ ಮಕ್ಕಳು ಮನೆಯಲ್ಲೇ ನೋಡ್ತಾರೆ," ಎಂದೆ. "ನಿಮ್ಮ ಉಗ್ರಾಣದ ಬೀಗದ ಕೈ ಯಾರ ಸೊಂಟದಲ್ಲುಂಟು, ಹೇಳಿ ನೋಡುವ. ಶನಿವಾರ ನಾನು ಮಕ್ಕಳನ್ನು ಕರ್ಕೊಂಡು ಬರುವವಳೇ. ಬೇಡ ಅಂತಾದ್ರೆ ನೀವೇ ಶಾಲೆಗೆ ಬಂದು ಅವರಿಗೆ ಕಾರಣ ಹೇಳಿ."

ಅವರು ಹೆಗಲ ಶಾಲು ಸರಿಮಾಡಿಕೊಂಡರು. ಆಮೇಲೆ ಸ್ವರ ತಗ್ಗಿಸಿ ಹೇಳಿದರು:

"ಅವಸರ ಮಾಡಬೇಡಿ ಟೀಚರೇ. ಯಾವುದಕ್ಕೂ ಅಕ್ಕನ ಹತ್ತಿರ ಒಂದು ಮಾತು ಕೇಳಿ ಹೇಳ್ತೇನೆ."